ಊರಲ್ಲಿ ಅಮ್ಮನಿಗೆ ಸ್ಟ್ರೋಕ್, ಇಲ್ಲಿ ಸಿಟಿಜನ್‌ಶಿಪ್ ಅರ್ಜಿ: ಹೋಗಬಹುದೇ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಕೆಲಸದಲ್ಲಿದ್ದೇನೆ. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಕಳೆದ ಮೇಲೆ ಈಚೆಗೆ ಸಿಟಿಜನ್‌ಶಿಪ್ ಅರ್ಜಿ ಎನ್-400 ಹಾಕಿದೆ. ಬೆರಳಚ್ಚು ಕೊಟ್ಟಾಗಿದೆ, ಇಂಟರ್‌ವ್ಯೂ ದಿನಾಂಕ ಬಂದಿಲ್ಲ. ಕಳೆದ ವಾರ ದಾವಣಗೆರೆಯಲ್ಲಿ ಅಮ್ಮನಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲಿನ ಸ್ವಾಧೀನ ತಪ್ಪಿದೆ. ಅಪ್ಪ ಇಲ್ಲ. ಅಣ್ಣ ದುಬೈಯಲ್ಲಿ, ಅವನಿಗೆ ಹದಿನೈದು ದಿನಕ್ಕಿಂತ ಹೆಚ್ಚು ರಜೆ ಸಿಗುವುದಿಲ್ಲ. ಈಗ ಅಮ್ಮನ ಹತ್ತಿರ ಚಿಕ್ಕಮ್ಮ ಇದ್ದಾರೆ. ನಾನು ಹೋದರೆ ನಮ್ಮ ಯಜಮಾನರು, ಮಗ ಇಲ್ಲೇ ಇರುತ್ತಾರೆ. ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ ಎಂದು ಒಬ್ಬರು ಹೇಳಿದರೆ, ಐದು ತಿಂಗಳು ಇಪ್ಪತ್ತೊಂಬತ್ತು ದಿನ ಇದ್ದು, ಒಂದು ವಾರ ಬಂದು ಮುಖ ತೋರಿಸಿ ಮತ್ತೆ ಹೋಗು ಎಂದು ಇನ್ನೊಬ್ಬರು ಹೇಳುತ್ತಾರೆ. ಏನು ಮಾಡಲಿ? (ಹೆಸರು ಬೇಡ)

ಉತ್ತರ: ಟಿಕೆಟ್ ಮಾಡಿಸಿ, ಹೊರಡಿ. ಎನ್-400 ಹಾಕಿದವರು ದೇಶ ಬಿಡಬಾರದು ಎಂಬ ನಿಯಮವೇ ಇಲ್ಲ. ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದ್ದಾಗ ಅಡ್ವಾನ್ಸ್ ಪರೋಲ್ (ಹೊರಹೋಗಿ ಮರಳಲು ಮೊದಲೇ ಪಡೆಯುವ ಅನುಮತಿ) ಇಲ್ಲದೆ ಹೊರಟು ಅರ್ಜಿ ಕಳೆದುಕೊಂಡವರ ಕಥೆಗಳನ್ನು ಕೇಳಿದವರು ಆ ಭಯವನ್ನೇ ಇಲ್ಲಿಗೂ ತಂದು ಅಂಟಿಸುತ್ತಾರೆ. ಓತ್, ಅಂದರೆ ಪೌರತ್ವದ ಪ್ರಮಾಣವಚನ, ತೆಗೆದುಕೊಳ್ಳುವವರೆಗೆ ನೀವು ಗ್ರೀನ್ ಕಾರ್ಡಿನವರೇ. ಆ ಕಾರ್ಡು ಮತ್ತು ಭಾರತದ ಪಾಸ್‌ಪೋರ್ಟ್, ಎರಡನ್ನೂ ಇಟ್ಟುಕೊಂಡು ಹೋಗಿ ಬರಬಹುದು.

ಎಷ್ಟು ದಿನ ಎಂಬುದಕ್ಕೆ ಎರಡು ಬೇರೆ ಬೇರೆ ಲೆಕ್ಕಗಳಿವೆ, ಜನ ಅವನ್ನು ಕಲಸಿಬಿಡುತ್ತಾರೆ. ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು, ಅಂದರೆ 913 ದಿನ ಈ ನೆಲದಲ್ಲಿ ಇದ್ದಿರಬೇಕು ಎಂಬುದು ಒಂದು. ಇದನ್ನು ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ, ಹಾಗಾಗಿ ಈಗ ಹೋಗುವುದರಿಂದ ಅದು ಕಡಿಮೆಯಾಗುವುದಿಲ್ಲ. ಇನ್ನೊಂದು, ವಾಸ ಮುರಿಯದೆ ಮುಂದುವರಿದಿರಬೇಕು ಎಂಬುದು. ಇದು ಅರ್ಜಿಯೊಂದಿಗೆ ನಿಲ್ಲುವುದಿಲ್ಲ, ಓತ್ ದಿನದವರೆಗೂ ನಡೆಯುತ್ತದೆ. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸ ಮುರಿದಿದೆ ಎಂದೇ ಅಧಿಕಾರಿ ಹಿಡಿಯುತ್ತಾರೆ. ಮುರಿದಿಲ್ಲ ಎಂದು ತೋರಿಸುವ ಹೊಣೆ ನಿಮ್ಮದು: ಕೆಲಸ ಇಲ್ಲೇ ಇದೆ, ಗಂಡ ಮತ್ತು ಮಗ ಇಲ್ಲೇ ಇದ್ದಾರೆ, ಮನೆ ಬಿಟ್ಟಿಲ್ಲ, ಊರಲ್ಲಿ ಬೇರೆ ಕೆಲಸಕ್ಕೆ ಸೇರಿಲ್ಲ. ನಿಮ್ಮ ಸ್ಥಿತಿಯಲ್ಲಿ ಇವನ್ನು ತೋರಿಸುವುದು ಕಷ್ಟವಲ್ಲ. ಆದರೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದರೆ ಯಾವ ವಾದವೂ ನಡೆಯದು, ಈ ಅರ್ಜಿ ಮುಗಿದಂತೆ. ವಾಪಸು ಬಂದು ಕನಿಷ್ಠ ನಾಲ್ಕು ವರ್ಷ ಒಂದು ದಿನ ಕಾಯಬೇಕು. ರೀಎಂಟ್ರಿ ಪರ್ಮಿಟ್ (ಹೆಚ್ಚು ಕಾಲ ಹೊರಗಿದ್ದು ಮರಳಲು ಕೊಡುವ ಅನುಮತಿಪತ್ರ) ಇದ್ದರೆ ಸಾಕೆಂದು ಕೆಲವರು ನಂಬಿದ್ದಾರೆ. ಅದು ಗ್ರೀನ್ ಕಾರ್ಡನ್ನು ಕಾಯುತ್ತದೆಯೇ ಹೊರತು ಸಿಟಿಜನ್‌ಶಿಪ್‌ನ ಈ ಲೆಕ್ಕವನ್ನಲ್ಲ.

ಐದು ತಿಂಗಳು ಇಪ್ಪತ್ತೊಂಬತ್ತು ದಿನದ ಸಲಹೆ ನನಗೆ ಹಿಡಿಸುವುದಿಲ್ಲ. ಒಮ್ಮೆ ಹಾಗೆ ಇದ್ದು ಬಂದರೆ ತೊಂದರೆಯಿಲ್ಲ. ವಾರ ಬಿಟ್ಟು ಮತ್ತೆ ಹಾಗೇ ಹೋದರೆ, ಮನೆ ಇರುವುದು ದಾವಣಗೆರೆಯಲ್ಲಿ, ಅಮೆರಿಕಕ್ಕೆ ಬರುವುದು ನೆಂಟರಂತೆ ಎಂದು ಅಧಿಕಾರಿಗೆ ಅನ್ನಿಸಿದರೆ ಅದು ಅವರ ತಪ್ಪಲ್ಲ. ಅದಕ್ಕಿಂತ ಮೊದಲು ನಿಮ್ಮ ರಜೆಯನ್ನು ನೋಡಿ. 50 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ ವರ್ಷ ತುಂಬಿದವರಿಗೆ, ಹಿಂದಿನ 12 ತಿಂಗಳಲ್ಲಿ 1,250 ಗಂಟೆ ದುಡಿದಿದ್ದರೆ, ಹೆತ್ತವರ ಗಂಭೀರ ಕಾಯಿಲೆಗೆ ಎಫ್‌ಎಂಎಲ್‌ಎ ಕಾಯ್ದೆಯಡಿ 12 ವಾರ ಸಂಬಳವಿಲ್ಲದ ರಜೆ ಉಂಟು. ಕೆಲಸ ಹೋಗುವುದಿಲ್ಲ. ದಾವಣಗೆರೆಯ ಡಾಕ್ಟರು ಬರೆದುಕೊಟ್ಟ ಪ್ರಮಾಣಪತ್ರವೂ ನಡೆಯುತ್ತದೆ. ನ್ಯೂಜೆರ್ಸಿಯಲ್ಲಿ ಇದರ ಜೊತೆಗೆ ರಜೆಯಲ್ಲಿ ಸಂಬಳದ ಒಂದು ಭಾಗ ಕೊಡುವ ರಾಜ್ಯದ್ದೇ ಫ್ಯಾಮಿಲಿ ಲೀವ್ ಇನ್ಶೂರೆನ್ಸ್ ಇದೆ, ಅದಕ್ಕೂ ಅರ್ಜಿ ಹಾಕಿ. ಸ್ಟ್ರೋಕ್ ಆದ ಮೇಲೆ ಮೊದಲ ಮೂರು ತಿಂಗಳ ಫಿಸಿಯೋಥೆರಪಿ ಎಲ್ಲಕ್ಕಿಂತ ಮುಖ್ಯ ಎಂದು ಡಾಕ್ಟರುಗಳು ಹೇಳುತ್ತಾರೆ. ನಿಮ್ಮ 12 ವಾರ ಅಲ್ಲಿಗೆ ಸರಿಹೊಂದುತ್ತದೆ.

ನೀವು ಅಲ್ಲಿರುವಾಗಲೇ ಇಂಟರ್‌ವ್ಯೂ ನೋಟಿಸ್ ಬರಬಹುದು. ಯಜಮಾನರು ಟಪಾಲು ನೋಡಲಿ, ನೀವು ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಆನ್‌ಲೈನ್ ಖಾತೆ ನೋಡುತ್ತಿರಿ. ಬರಲಾಗದಿದ್ದರೆ ದಿನಾಂಕಕ್ಕೆ ಮೊದಲೇ ಬರೆದು ಬೇರೆ ದಿನ ಕೇಳಿ. ಹೇಳದೆ ಕೇಳದೆ ತಪ್ಪಿಸಿಕೊಂಡು 30 ದಿನ ಸುಮ್ಮನಿದ್ದರೆ ಫೈಲು ಮುಚ್ಚುತ್ತಾರೆ. ಆಗಲೂ ಒಂದು ವರ್ಷದೊಳಗೆ ಬರೆದು ಮತ್ತೆ ತೆರೆಸಬಹುದು. ಇಂಟರ್‌ವ್ಯೂನಲ್ಲಿ ಈ ಪ್ರಯಾಣವನ್ನು ನೀವಾಗಿಯೇ ಹೇಳಿ. ಬೋರ್ಡಿಂಗ್ ಪಾಸ್, ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ ಜೊತೆಗಿರಲಿ. ಮರಳುವಾಗ ವಿಮಾನ ನಿಲ್ದಾಣದಲ್ಲಿ ಯಾರಾದರೂ ಐ-407ಗೆ ಸಹಿ ಹಾಕಿ ಎಂದರೆ ಹಾಕಬೇಡಿ, ಅದು ಗ್ರೀನ್ ಕಾರ್ಡನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಅರ್ಜಿ. 12 ವಾರಕ್ಕೆ ಆ ಪ್ರಸಂಗ ಬರುವುದಿಲ್ಲ ಬಿಡಿ.

ಜನ ಹೆದರುವುದು ಕಾಯುವ ತಿಂಗಳುಗಳಿಗೆ. ನನ್ನ ಪ್ರಕಾರ ಹುಷಾರಾಗಿರಬೇಕಾದದ್ದು ಓತ್ ಆದ ಮೇಲಿನ ಕೆಲವು ವಾರ. ಅಂದು ಗ್ರೀನ್ ಕಾರ್ಡ್ ವಾಪಸು ತೆಗೆದುಕೊಂಡು ಒಂದು ಸರ್ಟಿಫಿಕೇಟ್ ಕೊಡುತ್ತಾರೆ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಆ ಕ್ಷಣಕ್ಕೇ ನಿಮ್ಮ ಭಾರತೀಯ ಪೌರತ್ವ ತಾನಾಗಿ ಮುಗಿಯುತ್ತದೆ. ಹಳೆಯ ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ವರ್ಷದ ಅವಧಿ ಉಳಿದಿದ್ದರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ. ಮಾಡಿ ದಂಡ ತೆತ್ತವರಿದ್ದಾರೆ. ಅಮೆರಿಕದ ಪಾಸ್‌ಪೋರ್ಟ್ ಇನ್ನೂ ಬಂದಿರುವುದಿಲ್ಲ. ಅದು ಬಂದ ಮೇಲೂ ನಿಮ್ಮೂರಿಗೆ ಹೋಗಲು ನಿಮಗೇ ವೀಸಾ ಬೇಕು! ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆದು, ಆಮೇಲೆ ವಿದೇಶಿ ಪೌರರಾದ ಭಾರತ ಮೂಲದವರು ವೀಸಾ ಇಲ್ಲದೆ ಬಂದುಹೋಗಲು ಕೊಡುವ ಓಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಅಮ್ಮನಿಗೆ ಎರಡನೇ ಸಲ ಸ್ಟ್ರೋಕ್ ಆದರೆ?

ದಾರಿ ಇಲ್ಲವೆಂದಲ್ಲ. ಹತ್ತಿರದ ಸಂಬಂಧಿಕರ ಪ್ರಾಣಾಪಾಯದ ಸಂದರ್ಭದಲ್ಲಿ, ಎರಡು ವಾರದೊಳಗಿನ ಪ್ರಯಾಣಕ್ಕೆ, ಪಾಸ್‌ಪೋರ್ಟ್ ಏಜೆನ್ಸಿಯಲ್ಲಿ ಅಪಾಯಿಂಟ್‌ಮೆಂಟ್ ಪಡೆದು ತುರ್ತಾಗಿ ಮಾಡಿಸಬಹುದು. ಭಾರತದ ಇ-ವೀಸಾಕ್ಕೆ ಕನಿಷ್ಠ ನಾಲ್ಕು ದಿನ ಮೊದಲು ಅರ್ಜಿ ಹಾಕಬೇಕು. ಎಲ್ಲ ಸರಿಯಾಗಿ ನಡೆದರೂ ಒಂದೆರಡು ವಾರ ನೀವು ಇಲ್ಲಿ ಕಟ್ಟಿಬಿದ್ದಂತೆ. ಆದ್ದರಿಂದ ಓತ್ ದಿನಾಂಕ ಬಂದಾಗ ಮೊದಲು ದಾವಣಗೆರೆಗೆ ಫೋನ್ ಮಾಡಿ. ಅಮ್ಮ ಸ್ಥಿರವಾಗಿದ್ದರೆ ಓತ್ ಮುಗಿಸಿ, ಅದೇ ವಾರ ಪಾಸ್‌ಪೋರ್ಟಿಗೆ ಹಾಕಿ. ಐಸಿಯುನಲ್ಲಿದ್ದರೆ ನೋಟಿಸನ್ನು ಕಾರಣ ಬರೆದ ಪತ್ರದೊಂದಿಗೆ ಹಿಂದಿರುಗಿಸಿ ಬೇರೆ ದಿನ ಕೇಳಿ, ಹಳೆಯ ಪಾಸ್‌ಪೋರ್ಟಿನಲ್ಲೇ ಊರಿಗೆ ಹೋಗಿ ಬನ್ನಿ. ಸರಿಯಾದ ಕಾರಣವಿಲ್ಲದೆ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿದರೆ ಮಾತ್ರ ಅರ್ಜಿ ಕೈಬಿಟ್ಟಂತೆ ಎಣಿಸುತ್ತಾರೆ. ಕೆಲವು ಕಚೇರಿಗಳಲ್ಲಿ ಇಂಟರ್‌ವ್ಯೂ ದಿನವೇ ಓತ್ ಮಾಡಿಸುವುದುಂಟು. ಖುಷಿಯಲ್ಲಿ ಹೂಂ ಅನ್ನುವ ಮೊದಲು ಇದು ನೆನಪಿರಲಿ. ಇವತ್ತು ಬೇಡ ಎಂದು ಹೇಳಬಹುದು.

ಮುಂದೆ ಅಮ್ಮನನ್ನೇ ಇಲ್ಲಿಗೆ ಕರೆಸಿಕೊಳ್ಳುವ ಯೋಚನೆ ಇರಬಹುದು. ಹೆತ್ತವರಿಗೆ ಗ್ರೀನ್ ಕಾರ್ಡ್ ಕೇಳಲು ನೀವು ಸಿಟಿಜನ್ ಆಗಿರಲೇಬೇಕು. ಹಾಗಾಗಿ ಅರ್ಜಿ ವಾಪಸು ತೆಗೆಯುವ ಮಾತು ಬೇಡ. ಆದರೆ ಬಂದ ಕೂಡಲೇ ಮೆಡಿಕೇರ್ (ವಯಸ್ಸಾದವರ ಸರಕಾರಿ ಆರೋಗ್ಯ ವಿಮೆ) ಸಿಗುವುದಿಲ್ಲ, ಐದು ವರ್ಷದ ವಾಸ ಬೇಕು. ಸ್ಟ್ರೋಕ್ ಆದವರ ಔಷಧಿ, ಥೆರಪಿಯ ಖರ್ಚು ಲೆಕ್ಕ ಹಾಕಿಯೇ ಮುಂದಡಿ ಇಡಿ.

ಇನ್ನು ಅಣ್ಣನ ವಿಷಯ. ನೀವಿಬ್ಬರೂ ಈಗಲೇ ಒಟ್ಟಿಗೆ ಓಡಬೇಡಿ. ಇಂಟರ್‌ವ್ಯೂ ನೋಟಿಸ್ ಸಾಮಾನ್ಯವಾಗಿ ಕೆಲವು ವಾರ ಮೊದಲೇ ಬರುತ್ತದೆ. ಅಮ್ಮನ ಸ್ಥಿತಿ ತೀರಾ ಕೆಟ್ಟಿಲ್ಲದಿದ್ದರೆ, ನೀವು ಇಂಟರ್‌ವ್ಯೂಗೆ ಇಲ್ಲಿಗೆ ಬಂದು ಹೋಗುವ ಆ ದಿನಗಳಿಗೆ ಅಣ್ಣ ತನ್ನ ಹದಿನೈದು ದಿನದ ರಜೆ ಉಳಿಸಿಕೊಳ್ಳಲಿ.