ಟಿಎಸ್‌ಎಚ್ ನಾರ್ಮಲ್ ಬಂದಿದೆ, ಥೈರಾಯ್ಡ್ ಗುಳಿಗಿ ಬಿಡಬಹುದೇ?

ಅಕ್ಕಾರೆ, ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಅಂಕಿ 14 ಇದ್ದದ್ದು ಮೂರು ತಿಂಗಳಿಗೆ 3ಕ್ಕೆ ಇಳಿದಿದೆ, ಇನ್ನು ಗುಳಿಗಿ ಬಿಡಲೇ ಎಂದು ಕೇಳಿದ್ದೀರಿ. ಡಾಕ್ಟರ್ ಹೇಳದೆ ದಯವಿಟ್ಟು ಬಿಡಬೇಡಿ. ನಮ್ಮವ್ವ ಹಾಗೆ ಬಿಟ್ಟಿದ್ದಳು.

ಕಲಬುರಗಿಯ ಮೇ ತಿಂಗಳ ಬಿಸಿಲು ನಿಮಗೂ ಗೊತ್ತು. ನಾವೆಲ್ಲ ಮಾಳಿಗಿ ಮೇಲೆ ನೀರು ಚಿಮುಕಿಸಿ ಮಲಗಿದರೆ, ಅವ್ವ ಒಳಗೆ ಫ್ಯಾನ್ ಬಂದ್ ಮಾಡಿಸಿ ಕೌದಿ ಹೊದ್ದಿದ್ದಳು. "ಥಂಡಿ ಆಗ್ಲತ್ತದ" ಅಂದಳು. ಮುಖ ಊದಿತ್ತು, ದನಿ ಗೊಗ್ಗರಾಗಿತ್ತು, ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಕೈ ಸೋಲುತ್ತಿತ್ತು. ವಯಸ್ಸಾಯಿತು ಅಂದುಕೊಂಡು ನಾವೂ ಸುಮ್ಮನಿದ್ದೆವು. ರಕ್ತ ಕೊಟ್ಟರೆ ಟಿಎಸ್‌ಎಚ್ 60 ದಾಟಿತ್ತು. "ರಿಪೋರ್ಟ್ ಚಲೋ ಬಂದಿತ್ತಲ್ಲ, ಅದಕ್ಕೇ ಬಿಟ್ಟೆ" ಎಂದಳು.

ಟಿಎಸ್‌ಎಚ್ ಥೈರಾಯ್ಡ್‌ನಿಂದ ಬರುವುದಲ್ಲ. ಅದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಅಪ್ಪಣೆ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಂತೆ ಕೂತಿರುವ ಥೈರಾಯ್ಡ್ ಸೋತು ಟಿ4, ಟಿ3 ಹಾರ್ಮೋನು ಕಡಿಮೆಯಾದಾಗ ಆ ಅಪ್ಪಣೆ ಜೋರಾಗುತ್ತದೆ, ಅಂಕಿ ಏರುತ್ತದೆ. ನೀವು ನುಂಗುವ ಲೆವೊಥೈರಾಕ್ಸಿನ್ ಆ ಟಿ4 ಹಾರ್ಮೋನೇ. ಹೊರಗಿನಿಂದ ಅದು ಸಿಗುತ್ತಿರುವುದಕ್ಕೇ ಅಂಕಿ 3ಕ್ಕೆ ಇಳಿದಿದೆ. ಗ್ರಂಥಿ ಗುಣವಾಯಿತು ಅಂತಲ್ಲ. ಬಹಳ ಮಂದಿಗೆ ಗ್ರಂಥಿ ಸೋಲಲು ಕಾರಣ ಹಾಶಿಮೊಟೊ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ತನ್ನ ಗ್ರಂಥಿಯ ಮೇಲೆ ಬೀಳುವುದು. ಆಂಟಿ-ಟಿಪಿಒ ಎಂಬ ರಕ್ತಪರೀಕ್ಷೆಯಲ್ಲಿ ಅದರ ಸುಳಿವು ಸಿಗುತ್ತದೆ. ಹಾಗಿದ್ದರೆ ಅಯೋಡಿನ್ ಉಪ್ಪು ಜಾಸ್ತಿ ತಿಂದು ವಾಸಿಯಾಗುವುದಿಲ್ಲ. ಹೆರಿಗೆಯ ನಂತರ ಬಂದದ್ದು ಕೆಲವರಿಗೆ ತಾನಾಗಿ ಸರಿಹೋಗುವುದುಂಟು, ಆಗಲೂ ಡಾಕ್ಟರ್ ರಕ್ತ ನೋಡುತ್ತಲೇ ಗುಳಿಗಿ ಇಳಿಸಬೇಕು.

ಮೋಸವಿರುವುದು ಇಲ್ಲಿ: ನಿಲ್ಲಿಸಿದ ಮೇಲೂ ಮೈಯೊಳಗಿನ ಔಷಧ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಮೊದಲ ಕೆಲವು ವಾರ ಏನೂ ಅನಿಸುವುದಿಲ್ಲ. ಅವ್ವನೂ ಅದನ್ನೇ ನಂಬಿದಳು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ, ಚಾ ಅರ್ಧದಿಂದ ಒಂದು ಗಂಟೆ ಬಿಟ್ಟು ಕುಡಿಯಿರಿ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗಿಗೆ 4 ತಾಸು ಅಂತರವಿರಲಿ. ಡೋಸ್ ಬದಲಾದರೆ 6–8 ವಾರಕ್ಕೆ ಮತ್ತೆ ರಕ್ತ ಕೊಡಿ. ಬಸಿರಾದರಂತೂ ತಡಮಾಡದೆ ಡಾಕ್ಟರಿಗೆ ತಿಳಿಸಿ, ಆಗ ಸಾಮಾನ್ಯವಾಗಿ ಹೆಚ್ಚು ಡೋಸ್ ಬೇಕಾಗುತ್ತದೆ.

ಅವ್ವನ ಗುಳಿಗಿ ಡಬ್ಬಿ ಈಗ ದೇವರ ಜಗಲಿ ಮೇಲಿದೆ. ಮುಖ ತೊಳೆದು ನುಂಗುತ್ತಾಳೆ, ಜಳಕ, ಪೂಜೆ ಮುಗಿಸಿ ಚಾ ಕೇಳುತ್ತಾಳೆ.