ಹೇಗ್‌ಗೆ ಹೊರಟಿರೋ ತಂಗಿಗೆ

ಪಿಯುಸಿ ಮುಗೀತು, ಲೈಡನ್ ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಸ್ಟಡೀಸ್ ಬಿಎಗೆ ಸೀಟು ಸಿಕ್ಕಿದೆ, ಆಗಸ್ಟಿನಲ್ಲಿ ನೆದರ್ಲೆಂಡ್ಸ್‌ನ ಹೇಗ್‌ಗೆ ಬರ್ತೀನಿ ಅಂತ ಶಿವಮೊಗ್ಗದಿಂದ ಬರೆದಿದ್ದೀಯ. ವಿಶ್ವಸಂಸ್ಥೆಯಲ್ಲಿ ಕೆಲಸ ಸಿಗುತ್ತಾ ಅನ್ನೋದು ನಿನ್ನ ಪ್ರಶ್ನೆ. "ಇದನ್ನ ಓದಿ ಏನಾಗ್ತೀಯ" ಅನ್ನೋದು ನಿಮ್ಮಪ್ಪನ ಪ್ರಶ್ನೆ. ಅಕ್ಕಾ ಅಂತ ಕರೆದಿದ್ದೀಯಲ್ಲ, ಏಕವಚನದಲ್ಲೇ ಹೇಳ್ತೀನಿ: ಅಪ್ಪನ ಪ್ರಶ್ನೆಯೇ ಸರಿಯಾದದ್ದು.

ನಾನು ಓದಿದ್ದೂ ಅಂತರರಾಷ್ಟ್ರೀಯ ಸಂಬಂಧಗಳನ್ನೇ. ಈಗ ಇರೋದು ರಾಟರ್‌ಡ್ಯಾಮ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ. ಯಾವ ಸಾಮಾನು ಯಾವ ದೇಶಕ್ಕೆ ಹೋಗಬಹುದು, ಕೊಳ್ಳೋನ ಬೆನ್ನ ಹಿಂದಿರೋ ನಿಜವಾದ ಮಾಲೀಕ ಯಾರು, ಅವನ ಹೆಸರು ಐರೋಪ್ಯ ಒಕ್ಕೂಟದ ನಿರ್ಬಂಧ ಪಟ್ಟಿಯಲ್ಲಿದೆಯಾ ಅಂತ ಹುಡುಕೋದು ನನ್ನ ದಿನಗೆಲಸ. ಹಾಲಿನ ಕಾರ್ಖಾನೆಗೆ ಅಂತ ಬರೆದಿರೋ ಪಂಪು ರಾಸಾಯನಿಕ ಅಸ್ತ್ರದ ಕಾರ್ಖಾನೆಗೂ ಹೋಗಬಹುದು ನೋಡು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಬಿದ್ದ ಮೇಲಂತೂ ಮೇಜಿನಿಂದ ತಲೆ ಎತ್ತೋಕೆ ಪುರುಸೊತ್ತಿಲ್ಲ. ಆದರೆ ನನ್ನನ್ನ ಕೆಲಸಕ್ಕೆ ತಗೊಂಡದ್ದು ಡಿಗ್ರಿ ನೋಡಿ ಅಲ್ಲ, ರಷ್ಯನ್ ಕಾಗದಪತ್ರ ಓದೋಕೆ ಬರುತ್ತೆ ಅಂತ.

ಅದಕ್ಕೇ ಹೇಳೋದು. ನಿನ್ನ ಕೋರ್ಸಿನಲ್ಲಿ ಜಗತ್ತಿನ ಒಂದು ಪ್ರದೇಶ, ಅಲ್ಲಿನ ಒಂದು ಭಾಷೆ ಆರಿಸ್ಕೋಬೇಕು. ದಕ್ಷಿಣ ಏಷ್ಯಾ ಗೊತ್ತಿರೋದೇ, ಹಿಂದಿ ಹೇಗೂ ಬರುತ್ತೆ ಅಂತ ಆ ಕಡೆ ವಾಲಬೇಡ. ಅರೇಬಿಕ್, ರಷ್ಯನ್, ಚೀನೀ ತರಹ ಬೆವರಿಳಿಸೋದನ್ನ ಹಿಡಿ. ಜೊತೆಗೆ ಡಚ್ಚನ್ನ ಮೊದಲ ವರ್ಷದಿಂದಲೇ ಕಲಿ. ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ ನಿಜ. ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕೋಕೆ ಒಂದು ವರ್ಷದ 'ಝೂಕ್‌ಯಾರ್' ಪರವಾನಗಿ ಸಿಗುತ್ತೆ, ಆಗ ಜಾಹೀರಾತುಗಳನ್ನ ನೋಡಿದರೆ ಡಚ್ ಯಾಕೆ ಅಂತ ಗೊತ್ತಾಗುತ್ತೆ.

ವಿಶ್ವಸಂಸ್ಥೆಯ ಮಾತು: ಅಲ್ಲಿ ಬಹಳಷ್ಟು ಕಡೆ ಇಂಟರ್ನ್‌ಗಳಿಗೆ ಸಂಬಳ ಇಲ್ಲ. ಮನೆಯಲ್ಲಿ ಅನುಕೂಲ ಇದ್ದೋರಿಗೆ ಮೊದಲ ಮೆಟ್ಟಿಲು ಸುಲಭ, ಅಷ್ಟೇ. ಶಾಂತಿ ಅರಮನೆ ಕಾಲೇಜಿನಿಂದ ಸೈಕಲ್ಲಿಗೆ ದೂರವೇನಲ್ಲ, ಆದರೆ ಪಕ್ಕದಲ್ಲಿ ಓದಿದ ಮಾತ್ರಕ್ಕೆ ಒಳಗೆ ಕರೆಯಲ್ಲ. ಅಲ್ಲಿರೋ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದೇಶ ದೇಶಗಳ ವ್ಯಾಜ್ಯ, 15 ನ್ಯಾಯಾಧೀಶರು. ವ್ಯಕ್ತಿಗಳನ್ನ ವಿಚಾರಣೆ ಮಾಡೋ ಕ್ರಿಮಿನಲ್ ನ್ಯಾಯಾಲಯ ಬೇರೆ, ಸಮುದ್ರದ ಕಡೆ ಮರಳು ದಿಬ್ಬಗಳ ಹತ್ತಿರ. ಭಾರತ ಅದಕ್ಕೆ ಸೇರಿಲ್ಲ. 2019ರಲ್ಲಿ ಪಾಕಿಸ್ತಾನದ ಜೈಲಿನಲ್ಲಿದ್ದ ಕುಲಭೂಷಣ್ ಜಾಧವ್ ಬಗ್ಗೆ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು ಬಂದಾಗ ನಮ್ಮಮ್ಮ ಫೋನ್ ಮಾಡಿ "ನೀನೂ ಕೋರ್ಟಲ್ಲಿದ್ಯಾ?" ಅಂತ ಕೇಳಿದ್ದರು. ನಾನು ಕಂಟೇನರ್ ಪಟ್ಟಿ ತಿದ್ದುತ್ತಾ ಕೂತಿದ್ದೆ. ಹಾಂ, ನಮ್ಮ ಮಂಗಳೂರಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾವ್ 1952ರಲ್ಲಿ ಶಾಂತಿ ಅರಮನೆಯ ಆ ಪೀಠದಲ್ಲೇ ನ್ಯಾಯಾಧೀಶರಾಗಿ ಕೂತಿದ್ದರು. ಅಪ್ಪನಿಗೆ ಬೇಕಾದರೆ ಇದನ್ನ ಹೇಳು, ಸ್ವಲ್ಪ ಸಮಾಧಾನ ಆಗಬಹುದು.

ಮಾರ್ಕ್ಸ್ ನೋಡಿ ಅಳಬೇಡ. ಹತ್ತಕ್ಕೆ 5.5 ಪಾಸು, 8 ಬಂದರೆ ಹಬ್ಬ, 10 ದೇವರಿಗೆ ಅಂತಾರೆ. 6.5 ಬಂದ ದಿನ ನಾನು ಟ್ರಾಮಿನಲ್ಲೇ ಅತ್ತಿದ್ದೆ. ನಿಜವಾಗಿ ಹೆದರಬೇಕಾದ್ದು ಬೇರೆ: ಮೊದಲ ವರ್ಷ 60 ಕ್ರೆಡಿಟ್‌ಗಳಲ್ಲಿ 45 ಬರದಿದ್ದರೆ ಕೋರ್ಸಿನಿಂದಲೇ ಹೊರಗೆ.

ರೂಮಿನ ವಿಷಯ. ಕೋರ್ಸಿಗಿಂತ ಕಷ್ಟ ಇದು. ನನ್ನ ಮೊದಲ ಮನೆ ಮಾಲೀಕ "ಇರು, ಆದರೆ ಈ ವಿಳಾಸ ನಗರಸಭೆಯಲ್ಲಿ ಬರೆಸಬೇಡ" ಅಂದ. ಬಾಡಿಗೆ ಕಡಿಮೆ ಅಂತ ಒಪ್ಪಿಬಿಟ್ಟೆ. ವಿಳಾಸ ಬರೆಸದೆ ಬಿಎಸ್‌ಎನ್ ನಂಬರ್ (ನಮ್ಮ ಆಧಾರ್ ತರಹದ ಗುರುತಿನ ಸಂಖ್ಯೆ) ಬರಲಿಲ್ಲ, ನಂಬರ್ ಇಲ್ಲದೆ ಪಾರ್ಟ್‌ಟೈಮ್ ಕೆಲಸದ ಸಂಬಳಕ್ಕೂ ತೊಡಕು. ಮೂರು ತಿಂಗಳು ಬ್ರೆಡ್ಡು, ಮೊಸರು. ವಿಳಾಸ ಬರೆಸೋಕೆ ಬಿಡದ ಮನೆ ಬೇಡವೇ ಬೇಡ. ಕಣ್ಣಾರೆ ನೋಡದ ರೂಮಿಗೆ ಅಡ್ವಾನ್ಸೂ ಕಳಿಸಬೇಡ. ವರ್ಷವಿಡೀ ಮಾಡೋದಾದರೆ ಪಾರ್ಟ್‌ಟೈಮ್ ಕೆಲಸ ವಾರಕ್ಕೆ 16 ಗಂಟೆ ಮಾತ್ರ, ಅದಕ್ಕೂ ಕೆಲಸ ಕೊಡೋರು ಪರವಾನಗಿ ತೆಗೀಬೇಕು. ಅದನ್ನ ನಂಬಿ ಫೀಸಿನ ಲೆಕ್ಕ ಹಾಕಬೇಡ.

ಊಟಕ್ಕೆ ಚಿಂತೆ ಇಲ್ಲ. ಹಾಖ್ಸೆ ಮಾರ್ಕ್ಟ್ ಸಂತೆಯ ಸುತ್ತ ಸುರಿನಾಮ್ ಹಿಂದೂಸ್ತಾನಿಗಳ ಅಂಗಡಿಗಳಿವೆ, ಬೇಳೆ, ಕರಿಬೇವು, ಹಾಗಲಕಾಯಿ ಎಲ್ಲ ಸಿಗುತ್ತೆ. ಅವರ ಹಿರೀಕರು 1873ರಿಂದ ಕಲ್ಕತ್ತೆಯಲ್ಲಿ ಹಡಗು ಹತ್ತಿ, ದಕ್ಷಿಣ ಅಮೆರಿಕದಲ್ಲಿ ಆಗ ಡಚ್ಚರ ವಸಾಹತಾಗಿದ್ದ ಸುರಿನಾಮಿನ ತೋಟಗಳಿಗೆ ಕೂಲಿಗೆ ಹೋದೋರು, ಮಕ್ಕಳು ಮೊಮ್ಮಕ್ಕಳು ಅಲ್ಲಿಂದ ಇಲ್ಲಿಗೆ ಬಂದರು. ಅವಸರ ಮಾಡದೆ ಮಾತಾಡ್ಸು. ನಿನ್ನ ಮೊದಲ ಸೆಮಿಸ್ಟರಿನ ಪ್ರಬಂಧಕ್ಕೆ ವಿಷಯ ಅಲ್ಲೇ ಸಿಕ್ಕೀತು. ಸಾರಿನ ಪುಡಿ ಮಾತ್ರ ಮನೆಯಿಂದಲೇ ತಾ. ಕೊಡೆ ತರಬೇಡ, ಮಲೆನಾಡಿನ ಮಳೆಗೆ ಬಗ್ಗದ ಕೊಡೆಯೂ ಇಲ್ಲಿನ ಗಾಳಿಗೆ ಒಂದೇ ದಿನಕ್ಕೆ ತಲೆಕೆಳಗಾಗುತ್ತೆ.