ಬೀಗರ ಮನೆಯ 1768ರ ಮದುವೆ ಪತ್ರ

ಪ್ರಶ್ನೆ: ನನ್ನ ಮಗಳನ್ನು ಡಬ್ಲಿನ್ನಿನ ಐರಿಶ್ ಕುಟುಂಬವೊಂದಕ್ಕೆ ಕೊಟ್ಟಿದ್ದೇವೆ. ಮೊಮ್ಮಗಳಿಗಾಗಿ ಎರಡೂ ಮನೆತನಗಳ ವಂಶಾವಳಿ ಬರೆದಿಡಬೇಕೆಂದಿದ್ದೇನೆ. ನಮ್ಮ ಕಡೆಯದನ್ನು ಹೆಳವರಿಂದ ಹೇಳಿಸಿ ಬರೆದುಕೊಂಡೆ. ಬೀಗರು 1768ರ ಒಂದು ‘ಮ್ಯಾರೇಜ್ ಸೆಟಲ್‌ಮೆಂಟ್’ ಪತ್ರದ ನಕಲು ಕಳಿಸಿದ್ದಾರೆ. ಅದರಲ್ಲಿ ವಧೂವರರು ಮತ್ತು ಅವರ ತಂದೆಯರಲ್ಲದೆ ಬೇರೆ ಇಬ್ಬರು ಗಂಡಸರ ಹೆಸರುಗಳಿವೆ. 600 ಪೌಂಡ್ ಎಂದೂ ವರ್ಷಕ್ಕೆ 60 ಪೌಂಡ್ ಎಂದೂ ಇದೆ. ಇದು ವರದಕ್ಷಿಣೆಯ ಯಾದಿಯೇ? ಪತ್ರದ ತಾರೀಖನ್ನೇ ಮದುವೆಯ ತಾರೀಖೆಂದು ಬರೆದುಕೊಳ್ಳಬಹುದೇ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಯಾದಿ ಎಂದು ಓದಿದರೆ ಪತ್ರದ ಅರ್ಧವಷ್ಟೇ ಅರ್ಥವಾಗುತ್ತದೆ. ಹಾಳೆಯ ಮೂಲೆಗಳಿಗೆ ಅರಿಶಿನ-ಕುಂಕುಮ ಹಚ್ಚಿ ನಮ್ಮ ಹಿರಿಯರು ಬರೆಯುವ ಯಾದಿಯಲ್ಲಿ ಯಾರು ಏನು ಕೊಡಬೇಕೆಂಬುದು ಇರುತ್ತದೆ. ಐರಿಶ್ ಪತ್ರದ ಮುಖ್ಯ ಚಿಂತೆಯೇ ಬೇರೆ: ಗಂಡ ಮೊದಲು ತೀರಿಕೊಂಡರೆ ಹೆಂಡತಿಯ ಜೀವನ ನಡೆಯುವುದು ಹೇಗೆ, ಇನ್ನೂ ಹುಟ್ಟದ ಮಕ್ಕಳಲ್ಲಿ ಜಮೀನು ಯಾರ ಪಾಲಿಗೆ ಹೋಗಬೇಕು ಎಂಬುದು. 600 ಪೌಂಡ್ ಎಂಬುದು ವಧುವಿನ ಕಡೆಯಿಂದ ಬಂದ ‘ಪೋರ್ಷನ್’ ಆಗಿರಬೇಕು. ವರ್ಷದ 60 ಪೌಂಡ್ ಎಂಬುದು ಆಕೆ ವಿಧವೆಯಾದರೆ ವರನ ಜಮೀನಿನ ಉತ್ಪನ್ನದಿಂದ ಬದುಕಿರುವವರೆಗೆ ಸಲ್ಲಬೇಕಾದ ‘ಜಾಯಿಂಚರ್’. ಹತ್ತಕ್ಕೆ ಒಂದರ ಈ ಲೆಕ್ಕ ಆ ಕಾಲದಲ್ಲಿ ಅಪರೂಪವಲ್ಲ. ಗಂಡನ ಜಮೀನಿನ ಮೂರನೆಯ ಒಂದು ಭಾಗದ ಮೇಲೆ ವಿಧವೆಗೆ ಕಾನೂನು ಕೊಟ್ಟಿದ್ದ ಆಜೀವ ಹಕ್ಕಿಗೆ ಬದಲಾಗಿ ಈ ಮೊತ್ತವನ್ನು ಗೊತ್ತುಮಾಡುತ್ತಿದ್ದರು. ಐರಿಶ್ ಪೌಂಡಿನ ಬೆಲೆಯೂ 1826ರವರೆಗೆ ಬೇರೆಯೇ ಇತ್ತು, 13 ಐರಿಶ್ ಪೌಂಡಿಗೆ 12 ಇಂಗ್ಲಿಷ್ ಪೌಂಡು. ಹಾಗಾಗಿ ಈ 600 ಇಂಗ್ಲೆಂಡಿನ ಲೆಕ್ಕದಲ್ಲಿ ಸುಮಾರು 554 ಆಗುತ್ತದೆ.

ಆ ಇಬ್ಬರು ಗಂಡಸರ ಹೆಸರುಗಳನ್ನು ದಯವಿಟ್ಟು ಬಿಡಬೇಡಿ. ವಂಶಾವಳಿಯ ಮಟ್ಟಿಗೆ ಪತ್ರದಲ್ಲಿರುವ ದೊಡ್ಡ ಆಸ್ತಿಯೇ ಅವರು. ಅವರು ಟ್ರಸ್ಟಿಗಳಾಗಿರುವ ಸಂಭವ ಬಹಳ. ಸ್ತ್ರೀಧನ ಹೆಣ್ಣಿನದೇ ಎಂಬ ಮಾತನ್ನು ಕೇಳಿ ಬೆಳೆದ ನಮಗೆ ವಿಚಿತ್ರವೆನಿಸಬಹುದು, ಆದರೆ 1882ರ ಕಾಯ್ದೆ ಬರುವವರೆಗೆ ಅಲ್ಲಿ ಮದುವೆಯಾದ ಹೆಂಗಸಿನ ಹಣ-ಒಡವೆ ಸಾಮಾನ್ಯ ಕಾನೂನಿನಂತೆ ಗಂಡನ ಕೈಸೇರುತ್ತಿತ್ತು. ಆದ್ದರಿಂದ ಆಕೆಯ ಹಿತ ಕಾಯಲು ನಂಬಿಕಸ್ತರನ್ನು, ಹಲವು ಸಲ ಅಣ್ಣನನ್ನೋ ಚಿಕ್ಕಪ್ಪನನ್ನೋ ಸೋದರಮಾವನನ್ನೋ, ನೇಮಿಸುತ್ತಿದ್ದರು. ಒಬ್ಬ ಟ್ರಸ್ಟಿಯ ಮನೆತನದ ಹೆಸರು ವಧುವಿನ ಮನೆತನದ ಹೆಸರಿಗಿಂತ ಬೇರೆಯಿದ್ದರೆ ಆಕೆಯ ತಾಯಿಯ ತವರನ್ನು ಆ ದಿಕ್ಕಿನಲ್ಲಿ ಹುಡುಕಿ ನೋಡಿ. ಪುರಾವೆ ಸಿಗುವವರೆಗೆ ಪೆನ್ಸಿಲ್ಲಿನಲ್ಲಿ ಮಾತ್ರ ಬರೆದುಕೊಳ್ಳಿ.

ತಾರೀಖಿನ ಬಗ್ಗೆ ಎಚ್ಚರ ಬೇಕು. ‘ಸದ್ಯದಲ್ಲೇ ನಡೆಯಲಿರುವ ಮದುವೆ’ ಎಂಬ ಮಾತಿದ್ದರೆ ಪತ್ರವಾದ ದಿನ ಮದುವೆ ಇನ್ನೂ ಆಗಿರಲಿಲ್ಲ. ಮದುವೆಯ ನಂತರ ಮಾಡಿಕೊಂಡ ಪತ್ರಗಳೂ ಉಂಟು. ನೋಂದಣಿಯ ತಾರೀಖು ಮೂರನೆಯದು, ಅದು ಎಷ್ಟೋ ವರ್ಷ ತಡವಾಗಿಯೂ ಇರಬಹುದು. ನಮ್ಮ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ, ಬಕ್ಷೀಸ ಪತ್ರಗಳಿಗೆ ಇರುವ ಕಡ್ಡಾಯ ಅಲ್ಲಿರಲಿಲ್ಲ. 1708ರಲ್ಲಿ ಶುರುವಾದ ಡಬ್ಲಿನ್ನಿನ ರಿಜಿಸ್ಟ್ರಿ ಆಫ್ ಡೀಡ್ಸ್‌ನಲ್ಲಿ ನೋಂದಾಯಿಸುವುದು ಐಚ್ಛಿಕ, ಆದರೆ ನೋಂದಾಯಿಸಿದ ಪತ್ರಕ್ಕೆ ನೋಂದಾಯಿಸದ ಪತ್ರಕ್ಕಿಂತ ಆದ್ಯತೆ ಇತ್ತು. ಅಲ್ಲಿ ಉಳಿಯುತ್ತಿದ್ದದ್ದು ‘ಮೆಮೋರಿಯಲ್’ ಎಂಬ ಪ್ರತಿ, ಬಹಳ ಸಲ ಬರಿಯ ಸಾರಾಂಶ. ನಿಮ್ಮ ಕೈಯಲ್ಲಿರುವುದು ಅದೇ ಆಗಿದ್ದರೆ ಮೂಲಪತ್ರದ ಕೆಲವು ಷರತ್ತುಗಳು ಅದರಲ್ಲಿ ಬಿಟ್ಟುಹೋಗಿರಬಹುದು.

ಇದೇ ಮನೆತನದ ಬೇರೆ ಪತ್ರಗಳನ್ನೂ ಅಲ್ಲಿ ಹುಡುಕಬೇಕು. 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿದ್ದ ಸಾರ್ವಜನಿಕ ದಾಖಲೆಗಳು ಬೆಂಕಿಗೆ ಆಹುತಿಯಾದಾಗ, ಹೆನ್ರಿಯೆಟ್ಟಾ ಬೀದಿಯಲ್ಲಿದ್ದ ಈ ಸಂಗ್ರಹ ಉಳಿಯಿತು. ನಮ್ಮ ಕಚೇರಿಯ ಇಂಡೆಕ್ಸಿನಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು ಇಬ್ಬರ ಹೆಸರೂ ಸಿಗುತ್ತದೆ. ಅಲ್ಲಿಯ ಹೆಸರುಗಳ ಇಂಡೆಕ್ಸ್ ಬರೆದುಕೊಟ್ಟವರದು ಮಾತ್ರ. ಮದುವೆ ಪತ್ರದಲ್ಲಿ ಜಮೀನು ಬಿಟ್ಟುಕೊಡುವವನು ಅನೇಕ ವೇಳೆ ವರನ ತಂದೆ, ಹೀಗಾಗಿ ವಧುವಿನ ಹೆಸರಿನಲ್ಲಿ ಹುಡುಕಿ ಕೈಚೆಲ್ಲಿದವರು ಬಹಳ. ಈ ದಂಪತಿಯ ಹಿರಿಯ ಮಗ ಮುಂದೆ ಜಮೀನು ಮಾರಿದ ಅಥವಾ ಒತ್ತೆಯಿಟ್ಟ ಪತ್ರ ಸಿಕ್ಕರೆ ಅದರ ಮೊದಲ ಭಾಗವನ್ನು ಬಿಡದೆ ಓದಿ. ತಂದೆತಾಯಿಯ ಮದುವೆ ಪತ್ರವನ್ನು ಅಲ್ಲಿ ತಾರೀಖು ಸಮೇತ ಉಲ್ಲೇಖಿಸುವ ರೂಢಿಯಿತ್ತು.

ಪ್ರಶ್ನೆ: ನಮ್ಮ ತಂಗಿಯ ಅತ್ತೆಮನೆಯವರು ಕ್ಲೇರ್ ಕೌಂಟಿಯ ಕ್ಯಾಥೊಲಿಕ್ ರೈತರು. ಅವರಲ್ಲಿ ಇಂಥ ಪತ್ರ ಏಕೆ ಸಿಗುತ್ತಿಲ್ಲ?
— ಓದುಗರು, ಗದಗ

ಉತ್ತರ: ಹದಿನೆಂಟನೆಯ ಶತಮಾನದ ಬಹುಭಾಗ ಕ್ಯಾಥೊಲಿಕ್ಕರು ಜಮೀನು ಕೊಳ್ಳುವುದಕ್ಕೂ 31 ವರ್ಷ ಮೀರಿದ ಗುತ್ತಿಗೆ ಹಿಡಿಯುವುದಕ್ಕೂ ನಿರ್ಬಂಧವಿತ್ತು, ಅದು ಸಡಿಲವಾದದ್ದು 1778 ಮತ್ತು 1782ರ ಕಾಯ್ದೆಗಳಿಂದ. ಮುಂದೆಯೂ ಸಣ್ಣ ರೈತರ ಕರಾರು ರಿಜಿಸ್ಟ್ರಿಯವರೆಗೆ ಹೋದದ್ದು ಕಡಿಮೆ. ಸೊಸೆ ತಂದ ಹಣ ಮಾವನ ಕೈಸೇರಿ, ಅದರಿಂದಲೇ ಅವನ ಮಗಳ ಮದುವೆಯಾಗುತ್ತಿತ್ತು. ಹೊಲ ಮಗನ ಹೆಸರಿಗೆ ಬಂದರೂ ಮುದುಕರಿಗೆ ಒಂದು ಕೋಣೆ, ಆಲೂಗಡ್ಡೆ, ಒಂದು ಆಕಳಿನ ಮೇವು ಎಂದು ಕಾಯ್ದಿರಿಸುತ್ತಿದ್ದರು. ನೀವು 1864ರ ನಂತರದ ಮದುವೆ ನೋಂದಣಿಯಲ್ಲಿ ಇಬ್ಬರ ತಂದೆಯರ ಹೆಸರು, ಕಸುಬು ನೋಡಿ. ನಮ್ಮ ಉತಾರದಂತೆ ಅಲ್ಲಿಯ ಭೂಮೌಲ್ಯಮಾಪನದ ಪುಸ್ತಕಗಳಲ್ಲಿ ತಂದೆಯ ಹೆಸರಿಗೆ ಗೀಟು ಹಾಕಿ ಮಗನ ಹೆಸರು ಬರೆದ ವರ್ಷವನ್ನು ಅದರ ಪಕ್ಕಕ್ಕಿಟ್ಟು ಹೋಲಿಸಿ.